ಪೊಟ್ಟಣದ ಮೇಲೆ ಬಾರದೆ ಹೋದ ಎರಡಕ್ಷರ

2012ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ತೂಕ ಮತ್ತು ಅಳತೆಗೆ ಸಂಬಂಧಿಸಿದ ತನ್ನ ನಿಯಮಾವಳಿಗೆ ಒಂದು ಸಣ್ಣ ತಿದ್ದುಪಡಿಯನ್ನು ತಂದಿತು. ಕುಲಾಂತರಿ ಆಹಾರವನ್ನು ಒಳಗೊಂಡಿರುವ ಪ್ರತಿಯೊಂದು ಪೊಟ್ಟಣದ ಮುಖಭಾಗದ ಮೇಲ್ತುದಿಯಲ್ಲಿ ‘ಜಿಎಂ’ ಎಂಬ ಎರಡು ಅಕ್ಷರಗಳು ಇರತಕ್ಕದ್ದು ಎಂಬುದಷ್ಟೇ ಅದರ ಸಾರ. 2013ರ ಜನವರಿ 1ರಿಂದ ಅದು ಜಾರಿಗೆ ಬಂತು. ಅಂದಿನಿಂದ ಇಂದಿನವರೆಗೆ ದಾದರದ ಕಿರಾಣಿ ಅಂಗಡಿಯಲ್ಲಾಗಲಿ, ಹೈದರಾಬಾದಿನ ಬೇಗಂ ಬಜಾರಿನಲ್ಲಾಗಲಿ, ಪರದೇಶದ ಸಾಮಾನಿಗೇ ಹೆಸರಾದ ದೆಹಲಿಯ ಐಎನ್‌ಎ ಮಾರುಕಟ್ಟೆಯಲ್ಲಾಗಲಿ ಆ ಎರಡಕ್ಷರಗಳನ್ನು ಹೊತ್ತ ಎಣ್ಣೆಯ ಡಬ್ಬಿಯನ್ನು ಕಂಡವರು ನಮ್ಮ ಬಳಗದಲ್ಲಿ ಯಾರಾದರೂ ಇದ್ದಾರೆಯೇ? ನಾನಂತೂ ಕಂಡಿಲ್ಲ. ಕಾಣದಿರುವುದಕ್ಕೆ ಕುಲಾಂತರಿ ಆಹಾರ ನಮ್ಮ ಅಡುಗೆಮನೆಗೆ ಬಂದೇ ಇಲ್ಲವೆಂಬುದು ಕಾರಣವಲ್ಲ. ಅದು ಬಂದು ಎರಡು ದಶಕಗಳು ಕಳೆದಿವೆ.

ಕುಲಾಂತರಿ ಆಹಾರ ಉಂಡರೆ ಮೈಗೆ ಕೇಡೋ ಅಲ್ಲವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಪರೀಕ್ಷೆಗೊಳಪಟ್ಟು ಒಪ್ಪಿಗೆ ಪಡೆದ ಇಂಥ ಆಹಾರಗಳಿಂದ ಅಪಾಯ ಕಂಡುಬಂದಿಲ್ಲವೆಂದು ಜಗತ್ತಿನ ಹಲವು ವಿಜ್ಞಾನ ಸಂಸ್ಥೆಗಳು ಹೇಳಿವೆ. ಪರೀಕ್ಷೆ ನಡೆಸಿದವರು ಯಾರು, ಎಷ್ಟು ಕಾಲ ನಡೆಸಿದರು ಎಂದು ಕೇಳುವ ವಿಜ್ಞಾನಿಗಳೂ ಇದ್ದಾರೆ. ನನ್ನ ಪ್ರಶ್ನೆ ಚರಿತ್ರೆಗೆ ಸೇರಿದ್ದು. ಒಬ್ಬ ಗೃಹಸ್ಥನೋ ಗೃಹಿಣಿಯೋ ಅಂಗಡಿಯ ಮುಂದೆ ನಿಂತು ‘ಇದು ನನಗೆ ಬೇಡ’ ಎನ್ನಬೇಕಾದರೆ ಮೊದಲು ‘ಇದು’ ಯಾವುದು ಎಂಬುದು ತಿಳಿದಿರಬೇಕು. ನಮ್ಮ ದೇಶದಲ್ಲಿ ಆ ತಿಳಿವಳಿಕೆಯ ದಾರಿ ಹೇಗೆ ತೆರೆದುಕೊಂಡಂತೆ ಕಂಡು ಹೇಗೆ ಮುಚ್ಚಿಹೋಯಿತು?

ಆರಿಸಿ ಕೊಳ್ಳುವ ಅಭ್ಯಾಸ ನಮಗೆ ಹೊಸತೇನಲ್ಲ. ಅದಕ್ಕೆ ಬೇಕಾದ ಮಾತುಗಳೂ ನಮ್ಮಲ್ಲಿವೆ. ಧಾರವಾಡದ ಸಂತೆಯಲ್ಲಿ ‘ಜವಾರಿ ಸೌತೆ’ ಎಂದು ಕೇಳುವವರು, ಮೈಸೂರಿನ ಕಡೆ ‘ನಾಟಿ ಟೊಮ್ಯಾಟೊ’ ಎನ್ನುತ್ತಾರೆ. ಪುಣೆಯ ಮಂಡಈಯಲ್ಲಿ ಇದೇ ಅರ್ಥಕ್ಕೆ ‘ಗಾವಠೀ’ ಎಂಬ ಮಾತಿದೆ. ಚೆನ್ನೈಯಲ್ಲಿ ‘ನಾಟ್ಟು’, ಹೈದರಾಬಾದಿನಲ್ಲಿ ‘ನಾಟು’, ದೆಹಲಿಯಲ್ಲಿ ‘ದೇಸಿ’. ಈ ಮಾತುಗಳಿಗೆಲ್ಲ ಬಲ ಬಂದದ್ದು 1960ರ ದಶಕದಲ್ಲಿ, ಎದುರು ಪಕ್ಷವಾಗಿ ‘ಹೈಬ್ರಿಡ್’ ಎಂಬ ಪದ ಹಳ್ಳಿಗೆ ಬಂದಾಗ. 1964ರಲ್ಲಿ ಬಿಡುಗಡೆಯಾದ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಕಣವನ್ನು ತುಂಬಿಸಿತು. ಆದರೆ ಉತ್ತರ ಕರ್ನಾಟಕದ ತಾಯಂದಿರು ರೊಟ್ಟಿ ತಟ್ಟುವಾಗ ಹೈಬ್ರಿಡ್ ಹಿಟ್ಟನ್ನೂ ಬಿಳಿಜೋಳದ ಹಿಟ್ಟನ್ನೂ ಬೆರಳಿನ ತುದಿಯಲ್ಲೇ ಬೇರೆ ಮಾಡಿ ಹೇಳಬಲ್ಲವರಾಗಿದ್ದರು. ಅವರಿಗೆ ಪೊಟ್ಟಣದ ಮೇಲಿನ ಮುದ್ರೆ ಬೇಕಾಗಿರಲಿಲ್ಲ.

ಹೈಬ್ರಿಡ್ ಮತ್ತು ಕುಲಾಂತರಿ ಒಂದೇ ಎಂದು ಭಾವಿಸುವವರು ಇಂದಿಗೂ ಬಹಳ ಮಂದಿ ಇರುವುದರಿಂದ ಈ ಮಾತನ್ನು ಇಲ್ಲೇ ಬಿಡಿಸಿ ಹೇಳಬೇಕು. ಒಂದೇ ಜಾತಿಯ, ಇಲ್ಲವೇ ಹತ್ತಿರದ ಬಂಧುಗಳಾದ ಎರಡು ಸಸ್ಯಗಳ ಪರಾಗವನ್ನು ಕೂಡಿಸಿ ಪಡೆಯುವುದು ಹೈಬ್ರಿಡ್. ಗಿಡಕ್ಕೆ ಯಾವ ಬಂಧುತ್ವವೂ ಇಲ್ಲದ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ತಂದು ಸೇರಿಸಿದರೆ ಅದು ಕುಲಾಂತರಿ. ‘ಬಿಟಿ’ ಎಂಬುದು ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಹೆಸರಿನ ಸಂಕ್ಷೇಪ. ಅದರ ವಂಶವಾಹಿ ಸೇರಿದ ಗಿಡ ಕೆಲವು ಜಾತಿಯ ಹುಳುಗಳಿಗೆ ಮಾರಕವಾದ ಪ್ರೋಟೀನನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ. (ಅದೇ ಬ್ಯಾಕ್ಟೀರಿಯವನ್ನು ಸಾವಯವ ಕೃಷಿಕರು ನೀರಿನಲ್ಲಿ ಕದಡಿ ಗಿಡದ ಮೇಲೆ ಸಿಂಪಡಿಸುವುದೂ ಉಂಟು, ವ್ಯತ್ಯಾಸವಿರುವುದು ಹೊರಗಿನಿಂದ ಸಿಂಪಡಿಸುವುದರಲ್ಲಿ ಮತ್ತು ಒಳಗೇ ಹುಟ್ಟಿಸುವುದರಲ್ಲಿ.) ಹೈಬ್ರಿಡ್ ಜೋಳವನ್ನು ಗುರುತಿಸಿದ ಬೆರಳು ಈ ವ್ಯತ್ಯಾಸವನ್ನು ಗುರುತಿಸಲಾರದು. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಅದು ತೋರುವುದಿಲ್ಲ. ಮುದ್ರೆಯ ಅಗತ್ಯ ಹುಟ್ಟಿದ್ದು ಇಲ್ಲಿಂದಲೇ.

ಮುದ್ರೆಯ ಚರಿತ್ರೆ ಇಂಗ್ಲೆಂಡಿನಲ್ಲಿ ಒಂದು ಟೊಮ್ಯಾಟೊ ಡಬ್ಬಿಯಿಂದ ಆರಂಭವಾಗುತ್ತದೆಂದು ಹೇಳಬಹುದು. 1996ರಲ್ಲಿ ಅಲ್ಲಿನ ಸೇನ್ಸ್‌ಬರೀಸ್ ಮತ್ತು ಸೇಫ್‌ವೇ ಮಳಿಗೆಗಳು ಕುಲಾಂತರಿ ಟೊಮ್ಯಾಟೊದಿಂದ ಮಾಡಿದ ಪೇಸ್ಟನ್ನು ಮಾರಾಟಕ್ಕಿಟ್ಟವು. ಇದು ಇಂಥದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಬೆಲೆಯಲ್ಲಿ ಸಾಮಾನ್ಯ ಪೇಸ್ಟಿಗಿಂತ ಅಗ್ಗವಾಗಿತ್ತು. ಜನ ಕೊಂಡರು, ಮತ್ತೆ ಮತ್ತೆ ಕೊಂಡರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಕುಲಾಂತರಿ ಸೋಯಾ ಯುರೋಪಿನ ಬಂದರುಗಳಿಗೆ ಬಂತು, ಸಾಮಾನ್ಯ ಸೋಯಾದೊಂದಿಗೆ ಬೆರೆತು, ಯಾವ ಗುರುತೂ ಇಲ್ಲದೆ. ಬೇರ್ಪಡಿಸಿ ಕಳುಹಿಸುವುದು ಸಾಧ್ಯವಿಲ್ಲವೆಂದು ವರ್ತಕರು ಹೇಳಿದರು. ಸೋಯಾ ಎಂದರೆ ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು ಎಲ್ಲದರಲ್ಲೂ ಸೇರುವ ಪದಾರ್ಥ. ಹುಚ್ಚುಹಸುವಿನ ರೋಗದ ಪ್ರಕರಣದಲ್ಲಿ ಸರಕಾರದ ಆಶ್ವಾಸನೆಗಳನ್ನು ನಂಬಿ ಕೈಸುಟ್ಟುಕೊಂಡಿದ್ದ ಬ್ರಿಟಿಷ್ ಜನತೆ ಈ ಬಾರಿ ಸಿಡಿದೆದ್ದಿತು. 1999ರ ಹೊತ್ತಿಗೆ ದೊಡ್ಡ ಮಳಿಗೆಗಳೆಲ್ಲ ಕುಲಾಂತರಿ ಪದಾರ್ಥಗಳನ್ನು ಕೈಬಿಟ್ಟವು. ಮುದ್ರೆ ಹೊತ್ತು ಮಾರಾಟವಾಗುತ್ತಿದ್ದ ಟೊಮ್ಯಾಟೊ ಪೇಸ್ಟೂ ಅದರೊಂದಿಗೆ ಹೋಯಿತು. ಹೇಳಿ ಕೊಟ್ಟದ್ದನ್ನು ಕೊಂಡವರು, ಹೇಳದೆ ಬೆರೆಸಿದ್ದಕ್ಕೆ ಕೆರಳಿದರು. ಕುಲಾಂತರಿಯ ಪರ ವಾದಿಸುವವರು ಈ ಘಟನೆಯನ್ನು ಜನರ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ.

ಯುರೋಪು 2003ರಲ್ಲಿ ಕಾನೂನು ಮಾಡಿತು. ಯಾವುದೇ ಪದಾರ್ಥದಲ್ಲಿ ಶೇಕಡಾ 0.9ಕ್ಕಿಂತ ಹೆಚ್ಚು ಕುಲಾಂತರಿ ಅಂಶವಿದ್ದರೆ ಮುದ್ರೆ ಕಡ್ಡಾಯ. ಎಣ್ಣೆಯಂತೆ ಶುದ್ಧೀಕರಿಸಿದ ಪದಾರ್ಥದಲ್ಲಿ ಹೊಸ ವಂಶವಾಹಿಯ ಕುರುಹು ಪರೀಕ್ಷೆಗೆ ಸಿಗದಿದ್ದರೂ, ಅದು ಬಂದದ್ದು ಕುಲಾಂತರಿ ಬೆಳೆಯಿಂದಾದರೆ ಹೇಳಲೇಬೇಕು. ಅಮೆರಿಕ ಬಹುಕಾಲ ಮುದ್ರೆಯನ್ನೇ ಒಪ್ಪಲಿಲ್ಲ. ಕೊನೆಗೆ 2016ರಲ್ಲಿ ಕಾನೂನು ಮಾಡಿ 2022ರ ಜನವರಿಯಿಂದ ಕಡ್ಡಾಯಗೊಳಿಸಿತಾದರೂ, ಕುರುಹು ಸಿಗದ ಎಣ್ಣೆ-ಸಕ್ಕರೆಗಳಿಗೆ ವಿನಾಯಿತಿ ನೀಡಿತು. ಎಣ್ಣೆಯ ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಥೆಯೂ ಎಣ್ಣೆಯಲ್ಲೇ ಜಾರುತ್ತದೆ.

ನಮ್ಮಲ್ಲಿ ಕುಲಾಂತರಿ ಕಾಲಿಟ್ಟದ್ದು ಹತ್ತಿಯ ರೂಪದಲ್ಲಿ. 1998ರಲ್ಲಿ ಮಹಿಕೋ ಮತ್ತು ಮಾನ್ಸಾಂಟೊ ಕಂಪನಿಗಳು ಹಲವು ರಾಜ್ಯಗಳಲ್ಲಿ ಬಿಟಿ ಹತ್ತಿಯ ಕ್ಷೇತ್ರಪ್ರಯೋಗ ನಡೆಸುತ್ತಿರುವ ಸಂಗತಿ ಹೊರಬಿದ್ದಾಗ, ಅದಕ್ಕೆ ಮೊದಲ ದೊಡ್ಡ ಪ್ರತಿಭಟನೆ ಎದ್ದದ್ದು ಕರ್ನಾಟಕದಲ್ಲಿ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘವು ಆ ವರ್ಷದ ನವೆಂಬರಿನ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಹೊಲವೊಂದರ ಬೆಳೆಯನ್ನು ಕಿತ್ತು ಬೆಂಕಿಯಿಟ್ಟಿತು. ಅನಂತರ ಬಳ್ಳಾರಿ ಸೀಮೆಯಲ್ಲೂ ಹಾಗೆಯೇ ನಡೆಯಿತು. ಚಳವಳಿಗೆ ಅವರಿಟ್ಟ ಹೆಸರಿನ ಅರ್ಥ ಮಾನ್ಸಾಂಟೊವಿನ ಅಂತ್ಯಕ್ರಿಯೆ ಎಂದು. ಹೊಲ ಕೊಟ್ಟಿದ್ದ ರೈತರಿಗೇ ತಾವು ಬಿತ್ತಿದ್ದು ಏನೆಂಬುದು ತಿಳಿದಿರಲಿಲ್ಲವೆಂಬುದು ಅಂದಿನ ಮುಖ್ಯ ಆರೋಪ. ಬೆಂಕಿಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆರೋಪದ ತಿರುಳು ಅಷ್ಟಾಗಿ ಚರ್ಚೆಯಾಗಲಿಲ್ಲ. ಆದರೆ ಮುಂದಿನ ಇಡೀ ಕಥೆಯ ಬೀಜ ಅದೇ: ಗೊತ್ತಿಲ್ಲದೆ ಬಿತ್ತುವುದು, ಗೊತ್ತಿಲ್ಲದೆ ಉಣ್ಣುವುದು.

2001ರಲ್ಲಿ ಗುಜರಾತಿನ ಸಾವಿರಾರು ಎಕರೆಗಳಲ್ಲಿ ಅನುಮತಿಯಿಲ್ಲದ ಬಿಟಿ ಹತ್ತಿ ಬೆಳೆದು ನಿಂತಿರುವುದು ಪತ್ತೆಯಾಯಿತು. ಮರುವರ್ಷ, 2002ರ ಮಾರ್ಚ್ 26ರಂದು, ಕೇಂದ್ರದ ಅನುಮೋದನಾ ಸಮಿತಿ ಮಹಿಕೋದ ಮೂರು ಬಿಟಿ ತಳಿಗಳಿಗೆ ಒಪ್ಪಿಗೆ ನೀಡಿತು. ಹುಳುವಿನ ಕಾಟದಿಂದ ಬಳಲಿದ್ದ ರೈತರು ಅದನ್ನು ಕೈಚಾಚಿ ಸ್ವೀಕರಿಸಿದರು ಎಂಬುದನ್ನು ಮರೆಮಾಚುವಂತಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಬಿಟಿಯದಾಯಿತು. ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ಯಂಥ ಹೈಬ್ರಿಡ್ ತಳಿಗಳಾಗಲಿ, ‘ಜಯಧರ’ದಂಥ ನಾಡಹತ್ತಿಯಾಗಲಿ ನೋಡನೋಡುತ್ತ ನೆನಪಾದವು.

ಹತ್ತಿ ಎಂದರೆ ಬಟ್ಟೆ ಎಂದೇ ಎಲ್ಲರೂ ಭಾವಿಸಿದರು. ಅನುಮತಿ ಕೊಟ್ಟವರೂ, ವಿರೋಧಿಸಿದವರಲ್ಲಿ ಹಲವರೂ ಉಡುವ ವಸ್ತುವಾಗಿಯೇ ಅದನ್ನು ಕಂಡರು. ಆದರೆ ಹೊಲದಿಂದ ಬಿಡಿಸಿ ತಂದ ಹತ್ತಿಯ ತೂಕದಲ್ಲಿ ಅರಳೆ ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಬೀಜ. ಉತ್ತರ ಕರ್ನಾಟಕದವರಿಗೆ ಅದು ಹತ್ತಿಕಾಳು. ಎಮ್ಮೆಗೆ ನೆನೆಸಿ ರುಬ್ಬಿ ಹಾಕಿದರೆ ಹಾಲಿನ ಬೆಣ್ಣೆ ಹೆಚ್ಚುತ್ತದೆಂದು ಹಿಂದಿನಿಂದ ನಂಬಿಕೆ. ಗಾಣಕ್ಕೆ ಹೋದರೆ ಎಣ್ಣೆ, ಉಳಿದದ್ದು ಹಿಂಡಿ. ಗುಜರಾತಿನಲ್ಲಿ ‘ಕಪಾಸಿಯಾ ತೇಲ್’ ಎಂಬ ಹೆಸರಿನ ಈ ಎಣ್ಣೆ ಮನೆಯಡುಗೆಗೇ ಬಳಕೆಯಾಗುತ್ತದೆ. ಮುಂಬಯಿಯ ಫರಸಾಣದ ಅಂಗಡಿಗಳಲ್ಲಿ ಗಾಠಿಯಾ, ಸೇವು, ಚಿವಡಾ ಕರಿಯುವ ಬಾಣಲೆಯಲ್ಲಿ ಅನೇಕ ಕಡೆ ಇರುವುದೂ ಅದೇ. ವನಸ್ಪತಿಯಲ್ಲಿ ಅದು ಸೇರುತ್ತದೆ. ‘ಖಾದ್ಯತೈಲ’ ಎಂಬ ಸಾಮಾನ್ಯ ಹೆಸರಿನಡಿಯಲ್ಲಿ ಪೊಟ್ಟಣದ ತಿಂಡಿಗಳಲ್ಲೂ ಸೇರುತ್ತದೆ. ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿನಷ್ಟು ಹತ್ತಿಬೀಜದ ಎಣ್ಣೆ ಉತ್ಪಾದನೆಯಾಗುತ್ತದೆ. ಇನ್ನು ತಮಿಳುನಾಡಿನಲ್ಲಿರುವ ನಮ್ಮ ಓದುಗರಿಗೆ ‘ಪರುತ್ತಿ ಪಾಲ್’ ಪರಿಚಿತವೇ. ಮದುರೆಯ ಬೀದಿಗಳಲ್ಲಿ ಸಂಜೆ ಹೊತ್ತು ಮಾರುವ ಈ ಪಾನೀಯ, ಹತ್ತಿಬೀಜವನ್ನು ನೆನೆಸಿ ಅರೆದು ಹಾಲು ಹಿಂಡಿ, ಬೆಲ್ಲ ಶುಂಠಿ ಏಲಕ್ಕಿ ಸೇರಿಸಿ ಕುದಿಸಿದ್ದು. ನೆಗಡಿಗೆ ಒಳ್ಳೆಯದೆಂದು ಕುಡಿಯುವವರಿಗೆ, ಬೀಜವೇ ಬದಲಾಗಿರುವ ಸಂಗತಿಯನ್ನು ಹೇಳಿದವರು ಯಾರು?

ಇಲ್ಲೊಂದು ನ್ಯಾಯದ ಮಾತನ್ನೂ ಹೇಳಬೇಕು. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನಾಗಲಿ ವಂಶವಾಹಿಯ ತುಣುಕಾಗಲಿ ಉಳಿಯುವುದು ತೀರ ಅತ್ಯಲ್ಪ. ಉಳಿಯುವುದೇ ಇಲ್ಲವೆನ್ನುವವರೂ ಇದ್ದಾರೆ. ಆದ್ದರಿಂದ ಎಣ್ಣೆಯನ್ನು ಕುಲಾಂತರಿ ಆಹಾರವೆಂದು ಕರೆಯಬಾರದು ಎಂಬುದು ಉದ್ಯಮದ ವಾದ. ಯುರೋಪು ಇದನ್ನು ಒಪ್ಪಲಿಲ್ಲ, ಅಮೆರಿಕ ಒಪ್ಪಿತು. ಭಾರತ ಒಪ್ಪಿದೆಯೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಹತ್ತಿಯ ವಿಷಯದಲ್ಲಿ ಏಳದ ಪ್ರಶ್ನೆ ಬದನೆಯ ವಿಷಯದಲ್ಲಿ ಎದ್ದಿತು. ಬದನೆಯನ್ನು ಯಾರೂ ಉಡುವುದಿಲ್ಲವಲ್ಲ! ಬದನೆಗೆ ಕಾಂಡ ಮತ್ತು ಕಾಯಿ ಕೊರೆಯುವ ಹುಳುವಿನ ಬಾಧೆ ವಿಪರೀತ; ಅದಕ್ಕಾಗಿ ರೈತರು ಒಂದು ಬೆಳೆಗೆ ಹತ್ತಾರು ಬಾರಿ ವಿಷ ಸಿಂಪಡಿಸುವುದು ನಿಜ. ಇದಕ್ಕೆ ಪರಿಹಾರವೆಂದು ಮಹಿಕೋ ಬಿಟಿ ಬದನೆಯನ್ನು ಸಿದ್ಧಪಡಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಕೈಜೋಡಿಸಿ, ತಮ್ಮ ತಮ್ಮ ಸೀಮೆಯ ತಳಿಗಳಿಗೆ ಅದೇ ವಂಶವಾಹಿಯನ್ನು ಸೇರಿಸುವ ಕೆಲಸಕ್ಕೆ ತೊಡಗಿದವು. ಧಾರವಾಡದ ಪಟ್ಟಿಯಲ್ಲಿದ್ದ ಹೆಸರುಗಳನ್ನು ಓದಿದರೆ ಅದೊಂದು ಊರುಗಳ ಪಟ್ಟಿಯಂತೆ ಕಾಣುತ್ತದೆ: ಮಲಾಪುರ, ಕುಡಚಿ, ಮಂಜರಿ, ಉಡುಪಿ. ಜೋಳದ ರೊಟ್ಟಿಯೊಂದಿಗೆ ಎಣ್ಣೆಗಾಯಿಗೆ ಒದಗುವ ಉತ್ತರ ಕರ್ನಾಟಕದ ಬದನೆಗಳು ಅದರಲ್ಲಿದ್ದವು. ಪುಣೆಯಲ್ಲಿರುವ ಓದುಗರಿಗೆ ಮಂಜರಿಯೆಂದರೆ ಹಡಪ್ಸರದ ಪಕ್ಕದ ಊರು. ಅಲ್ಲಿಂದ ಹೆಸರು ಪಡೆದ ದಪ್ಪ ಗುಂಡು ಬದನೆ ‘ಮಂಜರಿ ಗೋಟಾ’. ಉಡುಪಿಯದು ಗುಳ್ಳ.

ಗುಳ್ಳದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮುದ್ರೆಯ ಕಥೆಗೆ ಅದು ಹೊರಗಿನದಲ್ಲ. ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯ ಬಳಿ, ಕಡಲು ಮತ್ತು ಹೊಳೆಯ ನಡುವೆ ಇರುವ ಊರು ಮಟ್ಟು. ಸೋದೆ ಮಠದ ವಾದಿರಾಜರು ಈ ಊರವರಿಗೆ ಬೀಜ ಕೊಟ್ಟು ಬಿತ್ತಲು ಹೇಳಿದರು, ಅದರಿಂದ ಬಂದದ್ದೇ ಮಟ್ಟು ಗುಳ್ಳ ಎಂಬುದು ಐತಿಹ್ಯ. ಇಂದಿಗೂ ಪರ್ಯಾಯದ ಕಾಲಕ್ಕೆ ಕೃಷ್ಣಮಠಕ್ಕೆ ಹೊರೆಕಾಣಿಕೆಯಾಗಿ ಗುಳ್ಳ ಹೋಗುತ್ತದೆ. ತೆಳು ಹಸಿರು ಮೈ, ಅದರ ಮೇಲೆ ಬಿಳಿಯ ಗೆರೆ, ತೊಟ್ಟಿಗೆ ಮುಳ್ಳು, ತೆಳ್ಳನೆಯ ಸಿಪ್ಪೆ. ಬೇಯಿಸಿದರೆ ಬೆಣ್ಣೆಯಂತೆ ಕರಗುವ ಇದರ ಬೋಳುಹುಳಿಗಾಗಿ ಮುಂಬಯಿಯ ಮಂಗಳೂರು ಸ್ಟೋರುಗಳಲ್ಲಿ ಕಾದು ನಿಲ್ಲುವವರನ್ನು ನಮ್ಮಲ್ಲಿ ಅನೇಕರು ಬಲ್ಲರು. ಬೇರೆ ಕಡೆಯ ಗುಳ್ಳವನ್ನು ಮಟ್ಟುವಿನದೆಂದು ಮಾರುವ ಚಾಳಿಯೂ ಹಿಂದಿನಿಂದ ಇದೆ. ಹೂವಿನಿಂದ ಹೂವಿಗೆ ಹೋಗುವ ದುಂಬಿಗೆ ಗಡಿಯಿಲ್ಲ. ಪಕ್ಕದ ಗದ್ದೆಯಲ್ಲಿ ಬಿಟಿ ಗುಳ್ಳ ಬೆಳೆದರೆ ನಮ್ಮ ಗುಳ್ಳ ನಮ್ಮದಾಗಿ ಉಳಿದೀತೇ ಎಂಬುದು ಬೆಳೆಗಾರರ ಆತಂಕವಾಗಿತ್ತು.

2009ರ ಅಕ್ಟೋಬರ್ 14ರಂದು ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಸೂಚಿಸಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಕ್ಷಣ ಸಹಿ ಹಾಕದೆ, ಸಾರ್ವಜನಿಕರ ಅಭಿಪ್ರಾಯ ಕೇಳಲು ಹೊರಟರು. 2010ರ ಜನವರಿ-ಫೆಬ್ರವರಿಯಲ್ಲಿ ಕೋಲ್ಕತ್ತ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್‌ಗಳಲ್ಲಿ ಸಭೆಗಳು ನಡೆದವು. ಕೊನೆಯ ಸಭೆ ಬೆಂಗಳೂರಿನಲ್ಲಿ, ಫೆಬ್ರವರಿ 6ರಂದು. ಒಂದು ತರಕಾರಿಯ ಬಗ್ಗೆ ಸರಕಾರ ಊರೂರಿಗೆ ಹೋಗಿ ಜನರನ್ನು ಕೇಳಿದ್ದು ಅದಕ್ಕೆ ಮುಂಚೆ ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ. ಸಭೆಗಳಲ್ಲಿ ಗದ್ದಲವಿತ್ತು, ಘೋಷಣೆಗಳಿದ್ದವು, ಸಚಿವರು ಸಿಟ್ಟಾದದ್ದೂ ಉಂಟು. ಆದರೂ ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಒಂದೇ ಛಾವಣಿಯ ಕೆಳಗೆ ಕೂತು ಬದನೆಕಾಯಿಯ ಬಗ್ಗೆ ವಾದಿಸಿದರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯ ಸರಕಾರಗಳು ವಿರೋಧ ಸೂಚಿಸಿದವು. ಬೆಂಗಳೂರಿನ ಸಭೆ ಮುಗಿದ ಮೂರನೆಯ ದಿನ, ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆಯಾಜ್ಞೆ ಪ್ರಕಟವಾಯಿತು. ಸ್ವತಂತ್ರ ಪರೀಕ್ಷೆಗಳು ನಡೆದು ಜನರಿಗೂ ವಿಜ್ಞಾನಿಗಳಿಗೂ ತೃಪ್ತಿಯಾಗುವವರೆಗೆ ಅವಸರವಿಲ್ಲ ಎಂಬುದು ಅದರ ಅರ್ಥ. ಆ ತಡೆ ಮುಂದೆಯೂ ತೆರವಾಗಲಿಲ್ಲ.

ಅಂದಿನ ಚರ್ಚೆಯಲ್ಲಿ ಮುದ್ರೆಯ ಪ್ರಶ್ನೆಯೂ ಇತ್ತು. ಬೇಡದವರು ಕೊಳ್ಳದಿರಲಿ, ಬೇಕಾದವರು ಕೊಳ್ಳಲಿ ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಬದನೆಯನ್ನು ನಾವು ಕೊಳ್ಳುವುದು ಗಾಡಿಯವನಿಂದ, ಬುಟ್ಟಿಯಿಂದ, ತೂಗಿಸಿಕೊಂಡು. ಬಿಡಿಯಾಗಿ ಮಾರುವ ಕಾಯಿಗೆ ಮುದ್ರೆ ಎಲ್ಲಿ ಹಾಕುವುದು? ಈ ಪ್ರಶ್ನೆಗೆ ಉತ್ತರವಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆಮೇಲೆ ಅಲ್ಲಿನ ಬೆಳೆಗಾರರು ಒಟ್ಟಾಗಿ ತಮ್ಮ ಕಾಯಿಗಳ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರುಕಟ್ಟೆಗೆ ಕಳುಹಿಸತೊಡಗಿದರು. ಅವರು ಅದನ್ನು ಮಾಡಿದ್ದು ನಕಲಿ ಗುಳ್ಳದ ಕಾಟಕ್ಕೆ, ಕುಲಾಂತರಿಯ ಭಯಕ್ಕಲ್ಲ. ಆದರೂ ದೆಹಲಿಯ ಇಲಾಖೆಗಳಿಗೆ ಆಗದೆಂದು ತೋರಿದ ಕೆಲಸವನ್ನು ಒಂದು ಹಳ್ಳಿಯ ರೈತರು ಬೆರಳತುದಿಯ ಅಂಟಿನಿಂದ ಮಾಡಿದರು. ಅದೇ ವರ್ಷ, ಊರಿನ ತಳಿಗಳನ್ನು ಅನುಮತಿ ಪಡೆಯದೆ ಬಳಸಿಕೊಂಡ ಆರೋಪದ ಮೇಲೆ ಬಿಟಿ ಬದನೆಗೆ ಸಂಬಂಧಿಸಿದವರ ವಿರುದ್ಧ ಕಾನೂನು ಕ್ರಮಕ್ಕೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ತೀರ್ಮಾನಿಸಿತು.

ಬದನೆಯ ಹಿಂದೆಯೇ ಇನ್ನೊಂದು ಪ್ರಸಂಗ ನಡೆಯಿತು, ಅದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ವಿಶ್ವವಿದ್ಯಾಲಯವೂ ಸೇರಿ ಸರಕಾರಿ ವಲಯದ್ದೇ ಆದ, ರೈತರು ಬೀಜ ಉಳಿಸಿಕೊಳ್ಳಬಹುದಾದ ‘ಬಿಕಾನೇರಿ ನರ್ಮಾ’ ಬಿಟಿ ಹತ್ತಿಯನ್ನು 2009ರಲ್ಲಿ ಹೊರತಂದವು. ಆಮೇಲೆ ನೋಡಿದರೆ ಅದರಲ್ಲಿ ಮಾನ್ಸಾಂಟೊವಿನ ವಂಶವಾಹಿ ಇರುವುದು ಪತ್ತೆಯಾಗಿ ಮಾರಾಟ ನಿಂತಿತು, ತನಿಖೆ ನಡೆಯಿತು. ಪ್ರಯೋಗಾಲಯವನ್ನೇ ಕೈಯಲ್ಲಿಟ್ಟುಕೊಂಡವರ ಬೀಜದ ಪಾಡು ಇದಾದರೆ, ಕೈಚೀಲ ಹಿಡಿದು ಅಂಗಡಿಗೆ ಹೋದವನು ಯಾವುದನ್ನು ತಾನೇ ಆರಿಸಿಯಾನು?

ಈಗ 2013ರ ಆ ಎರಡಕ್ಷರಗಳಿಗೆ ಬರೋಣ. ಅವು ಪೊಟ್ಟಣಗಳ ಮೇಲೆ ಕಾಣಿಸಿಕೊಳ್ಳದಿರುವುದಕ್ಕೆ ಕಾರಣ ಸರಳ, ಆದರೆ ವಿಚಿತ್ರ. 2006ರ ಆಹಾರ ಸುರಕ್ಷತಾ ಕಾಯಿದೆಯ 22ನೆಯ ಕಲಮಿನ ಪ್ರಕಾರ, ನಿಯಮಗಳ ಮೂಲಕ ಅವಕಾಶ ಕಲ್ಪಿಸಿದ ಹೊರತು ಕುಲಾಂತರಿ ಆಹಾರವನ್ನು ಯಾರೂ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಆಮದು ಮಾಡುವಂತಿಲ್ಲ. ಆ ನಿಯಮಗಳು ರೂಪುಗೊಳ್ಳಲೇ ಇಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಭಾರತದಲ್ಲಿ ಕುಲಾಂತರಿ ಆಹಾರವೇ ಇಲ್ಲ! ಇಲ್ಲದ ವಸ್ತುವಿಗೆ ಮುದ್ರೆ ಹಾಕುವುದು ಹೇಗೆ? ಒಂದು ಇಲಾಖೆ ಮುದ್ರೆ ಹಾಕೆನ್ನುತ್ತದೆ; ಇನ್ನೊಂದರ ಪ್ರಕಾರ ಮುದ್ರೆ ಹಾಕಿದವನು ತಾನು ನಿಷಿದ್ಧ ವಸ್ತುವನ್ನು ಮಾರುತ್ತಿದ್ದೇನೆಂದು ಒಪ್ಪಿಕೊಂಡಂತೆ. ಯಾವ ವರ್ತಕ ಹಾಗೆ ಬರೆದುಕೊಂಡಾನು? ಅತ್ತ ಇದೇ ಕಾಲದಲ್ಲಿ ಹತ್ತಿಬೀಜದ ಎಣ್ಣೆ ಗಾಣಗಳಿಂದ ಇಳಿಯುತ್ತಲೇ ಇತ್ತು. ಸೋಯಾ ಬಹುಮಟ್ಟಿಗೆ ಪೂರ್ತಿ ಕುಲಾಂತರಿಯಾಗಿರುವ ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಸೋಯಾ ಎಣ್ಣೆ ಹಡಗು ಹಡಗಾಗಿ ಬರುತ್ತಿತ್ತು. ಇತ್ತೀಚಿನ ಬಹುಪಾಲು ವರ್ಷಗಳಲ್ಲಿ ಆ ಆಮದು 30 ಲಕ್ಷ ಟನ್ನಿಗೂ ಮೇಲ್ಪಟ್ಟದ್ದು.

2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಂಗಡಿಗಳಲ್ಲಿ ಕೊಂಡ 65 ಬಗೆಯ ಆಹಾರಗಳನ್ನು ಪರೀಕ್ಷೆಗೆ ಒಳಪಡಿಸಿ, ಸುಮಾರು ಮೂರರಲ್ಲಿ ಒಂದರಲ್ಲಿ ಕುಲಾಂತರಿ ಅಂಶವಿದೆಯೆಂದು ವರದಿ ಮಾಡಿತು. ಅವುಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬಂದವು. ಶಿಶು ಆಹಾರವೂ ಇತ್ತು. ದೇಶೀಯವಾಗಿ ಸಿಕ್ಕಿದ್ದು ಹತ್ತಿಬೀಜದ ಎಣ್ಣೆ. ಇದಾದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಸ್ವಲ್ಪ ಎಚ್ಚೆತ್ತಿತು. 2020ರ ಆಗಸ್ಟಿನಲ್ಲಿ ಸೋಯಾ, ಮುಸುಕಿನಜೋಳ, ಪಪಾಯಿ, ಸೇಬು, ಅನಾನಸ್, ಆಲೂಗಡ್ಡೆ ಮೊದಲಾದ 24 ಬೆಳೆಗಳ ಆಮದಿಗೆ ‘ಕುಲಾಂತರಿಯಲ್ಲ’ ಎಂಬ ಪ್ರಮಾಣಪತ್ರ ಕಡ್ಡಾಯವೆಂದು ಆದೇಶಿಸಿತು. ಮರುವರ್ಷ ಅದು ಜಾರಿಗೆ ಬಂತು. ಪ್ರಮಾಣಪತ್ರ ಸಲ್ಲುವುದು ಬಂದರಿನ ಅಧಿಕಾರಿಗೆ, ಕೊಳ್ಳುವವನಿಗಲ್ಲ. ಅದೇ 2021ರ ಆಗಸ್ಟಿನಲ್ಲಿ ಕೋಳಿ ಆಹಾರಕ್ಕೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಸರಕಾರ ಅನುಮತಿ ನೀಡಿತು. ನವೆಂಬರಿನಲ್ಲಿ ಕುಲಾಂತರಿ ಆಹಾರದ ನಿಯಮಗಳ ಕರಡು ಹೊರಬಂತು.

ಇಷ್ಟರ ನಡುವೆ ನಾವು ಮಾಡುವುದೇನು ಎಂದು ಬಳಗದ ಕೆಲವರು ಕೇಳಿದ್ದಾರೆ. ಮಾರ್ಗದರ್ಶಿ ಬರೆಯುವುದು ನನ್ನ ಉದ್ದೇಶವಲ್ಲ; ಆದರೂ ಚರಿತ್ರೆಯಿಂದ ತಿಳಿಯುವಷ್ಟನ್ನು ಹೇಳಬಹುದು. ನಮ್ಮ ದೇಶದಲ್ಲಿ ವಾಣಿಜ್ಯ ಬೆಳೆಯಾಗಿ ಒಪ್ಪಿಗೆ ಪಡೆದು ಬೆಳೆಯುತ್ತಿರುವ ಕುಲಾಂತರಿ ಹತ್ತಿಯೊಂದೇ. ಆದ್ದರಿಂದ ಸಂದೇಹವಿರಬೇಕಾದದ್ದು ಎಣ್ಣೆಯ ಕಪಾಟಿನಲ್ಲಿ ಮತ್ತು ಹೊರದೇಶದ ಪೊಟ್ಟಣಗಳಲ್ಲಿ. ಹತ್ತಿಬೀಜ, ಸೋಯಾ, ಕೆನೋಲಾ ಎಣ್ಣೆ ಬೇಡವೆಂದವರಿಗೆ ಶೇಂಗಾ, ಎಳ್ಳು, ಕೊಬ್ಬರಿ, ಕುಸುಬೆ ಎಣ್ಣೆಗಳು ಇದ್ದೇ ಇವೆ. ಬೀಜವಿಲ್ಲದ ದ್ರಾಕ್ಷಿ, ಇಲ್ಲಿ ಬೆಳೆದ ದೊಡ್ಡ ಪಪಾಯಿ, ಸಿಹಿಜೋಳ, ಹೊಳೆಯುವ ಟೊಮ್ಯಾಟೊ ಇವನ್ನು ಕುಲಾಂತರಿಯೆಂದು ದೂರವಿಡುವುದು ಅನಾವಶ್ಯಕ. ಅವು ಹೈಬ್ರಿಡ್ ಅಥವಾ ಆಯ್ದ ತಳಿಗಳು. ಹಣ್ಣಿನ ಸ್ಟಿಕ್ಕರಿನಲ್ಲಿ 8ರಿಂದ ಆರಂಭವಾಗುವ ಐದಂಕಿಯಿದ್ದರೆ ಕುಲಾಂತರಿ ಎಂಬ ಮಾತು ವಾಟ್ಸಾಪಿನಲ್ಲಿ ವರ್ಷಕ್ಕೆರಡು ಬಾರಿ ತಿರುಗುತ್ತದೆ. ಆ ಅಂಕಿಯನ್ನು ಅದಕ್ಕೆಂದು ಮೀಸಲಿಟ್ಟದ್ದು ನಿಜ. ಬಳಸುವುದು ವರ್ತಕರ ಇಚ್ಛೆಗೆ ಬಿಟ್ಟದ್ದರಿಂದ ಅದು ಅಂಗಡಿಗಳಿಗೆ ಬರಲೇ ಇಲ್ಲ. ಸಾವಯವವೆಂದು ಪ್ರಮಾಣೀಕೃತವಾದ ಪದಾರ್ಥಗಳಲ್ಲಿ ಕುಲಾಂತರಿ ನಿಷಿದ್ಧ, ಆದರೆ ಆ ಬೆಲೆ ಎಲ್ಲರ ಕೈಗೆಟುಕುವುದಿಲ್ಲ.

ತಡೆಯಾಜ್ಞೆಯ ಬೇಲಿಯೂ ಗಟ್ಟಿಯಾಗಿಲ್ಲ. ಇಲ್ಲಿ ನಿಂತುಹೋದ ಅದೇ ಬಿಟಿ ಬದನೆಯ ವಂಶವಾಹಿಯನ್ನು ಬಾಂಗ್ಲಾದೇಶ ತನ್ನ ತಳಿಗಳಿಗೆ ಸೇರಿಸಿಕೊಂಡು 2013ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. 2014ರಿಂದ ಅಲ್ಲಿನ ರೈತರು ಬೆಳೆಯುತ್ತಿದ್ದಾರೆ. 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯಲ್ಲಿ ಅಕ್ರಮವಾಗಿ ಬೆಳೆದ ಬಿಟಿ ಬದನೆ ಪತ್ತೆಯಾಗಿ ಬೆಳೆಯನ್ನು ನಾಶಪಡಿಸಲಾಯಿತು. ಪತ್ತೆಯಾಗುವುದಕ್ಕೆ ಮುಂಚಿನ ಕಾಯಿಗಳು ಯಾವ ಮಂಡಿಗೆ ಹೋದವು, ದೆಹಲಿಯ ಯಾರ ಮನೆಯ ಭರ್ತಾ ಆದವು, ಹೇಳುವವರಿಲ್ಲ.

2022ರ ಅಕ್ಟೋಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ ಪರಿಸರಕ್ಕೆ ಬಿಡುವ ಅನುಮತಿ ದೊರೆತು, ಅದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಭಿನ್ನ ತೀರ್ಪು ನೀಡಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಅನುಮತಿ ನಿಲ್ಲದೆಂದರು; ನ್ಯಾಯಮೂರ್ತಿ ಸಂಜಯ ಕರೋಲ್ ಅದನ್ನು ಎತ್ತಿಹಿಡಿದರು. ಇಬ್ಬರೂ ಒಮ್ಮತದಿಂದ ಹೇಳಿದ ಮಾತುಗಳೂ ಇದ್ದವು. ಕುಲಾಂತರಿ ಬೆಳೆಗಳ ಬಗ್ಗೆ ಒಂದು ರಾಷ್ಟ್ರೀಯ ನೀತಿ ರೂಪಿಸಬೇಕು ಎಂಬುದೊಂದು. ಕುಲಾಂತರಿ ಆಹಾರದ, ವಿಶೇಷವಾಗಿ ಖಾದ್ಯತೈಲದ ಆಮದಿನಲ್ಲಿ ಆಹಾರ ಕಾಯಿದೆಯ 23ನೆಯ ಕಲಮನ್ನು ಪಾಲಿಸಬೇಕು ಎಂಬುದು ಇನ್ನೊಂದು. ಆ ಕಲಮು ಪೊಟ್ಟಣ ಮತ್ತು ಮುದ್ರೆಗೆ ಸಂಬಂಧಿಸಿದ್ದು. ಎಣ್ಣೆಯ ಹೆಸರು ಹಿಡಿದು ನ್ಯಾಯಾಲಯವೇ ಹೇಳಿದ ಮೇಲೆ, ಕುರುಹು ಸಿಗದು ಎಂಬ ನೆಪ ಎಷ್ಟು ದಿನ ನಡೆದೀತು ಎಂದು ನೋಡಬೇಕು.

ಅಷ್ಟರಲ್ಲಿ ಮಾತೇ ಬದಲಾಗತೊಡಗಿದೆ. ಹೊರಗಿನ ವಂಶವಾಹಿಯನ್ನು ತರದೆ, ಗಿಡದ ಸ್ವಂತ ವಂಶವಾಹಿಯನ್ನೇ ತಿದ್ದುವ ವಿಧಾನ ಬಂದಿದೆ; ಹೀಗೆ ತಿದ್ದಿದ ಕೆಲವು ಬಗೆಯ ತಳಿಗಳನ್ನು 2022ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಕುಲಾಂತರಿಯ ಕಟ್ಟುಪಾಡುಗಳಿಂದ ಹೊರಗಿಟ್ಟಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಒಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯದು, ನಮ್ಮಲ್ಲಿ ಅನೇಕರು ದಿನವೂ ಉಣ್ಣುವ ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ್ದು, ಹೆಸರು ‘ಕಮಲಾ’. ಅದು ಹೊಲದಿಂದ ಮಿಲ್ಲಿಗೆ, ಮಿಲ್ಲಿನಿಂದ ಅಂಗಡಿಗೆ ಬಂದಾಗ ಚೀಲದ ಮೇಲೆ ತೂಕ, ಬೆಲೆ, ಮಿಲ್ಲಿನ ಹೆಸರು ಇರುತ್ತವೆ. ಬೇರೇನನ್ನೂ ಬರೆಯಬೇಕೆಂದು ಸದ್ಯಕ್ಕೆ ಯಾವ ನಿಯಮವೂ ಹೇಳುವುದಿಲ್ಲ.